ಕಡಲ ಕಾವಲಿಗೆ ಯಾವ ವಿಮಾನ? ಮಿತ ಹಣದಲ್ಲಿ ಆಯ್ಕೆಯ ಲೆಕ್ಕಾಚಾರ

ಸಕಲೇಶಪುರ ತಾಲ್ಲೂಕಿನ ಬೆಳಗೋಡಿನಲ್ಲಿ ವಿಜ್ಞಾನ ಶಿಕ್ಷಕರ ಒಂದು ಕಿರು ಶಿಬಿರಕ್ಕೆ ಹೋಗಿದ್ದೆ. ಊಟದ ಬಿಡುವಿನಲ್ಲಿ ಶಿಕ್ಷಕರೊಬ್ಬರು ತಮ್ಮ ಶಾಲೆಯ ಪ್ರವಾಸದ ಸಂಗತಿ ಹೇಳಿದರು. ಮಕ್ಕಳನ್ನು ಅವರು ಕಾರವಾರಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯದ ಬಳಿ ನೌಕಾಪಡೆಯ ನಿವೃತ್ತ ವಿಮಾನ ಟುಪೊಲೆವ್ 142 ಅನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 50 ಮೀಟರ್. ನಾಲ್ಕು ಎಂಜಿನ್‌ಗಳು, ಒಂದೊಂದಕ್ಕೂ ಎದುರುಬದುರು ದಿಕ್ಕಿನಲ್ಲಿ ತಿರುಗುವ ಎರಡೆರಡು ಪ್ರೊಪೆಲರ್‌ಗಳು. ಅದನ್ನು ನೋಡಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸಾರ್, ಇದು ಇನ್ನೂ ಗಟ್ಟಿಯಾಗೇ ಇದೆಯಲ್ಲ, ಯಾಕೆ ನಿಲ್ಲಿಸಿದರು? ಹೊಸದಕ್ಕೆ ಅಷ್ಟೊಂದು ದುಡ್ಡು ಯಾಕೆ ಕೊಟ್ಟರು?" ಎಂದು ಕೇಳಿದಳಂತೆ. "ಹಳೆಯದಾಯಿತಮ್ಮ" ಎಂದು ಉತ್ತರಿಸಿದ ಶಿಕ್ಷಕರಿಗೆ ಆ ಉತ್ತರ ತಮಗೇ ಸಮಾಧಾನ ತರಲಿಲ್ಲ. "ನೀವು ಭೌತವಿಜ್ಞಾನದವರು, ನೀವೇ ಹೇಳಿ" ಎಂದರು.

ಪ್ರಶ್ನೆ ಚಿಕ್ಕದು, ಉತ್ತರ ಅಷ್ಟು ಚಿಕ್ಕದಲ್ಲ. ಸಾವಿರಾರು ಕೋಟಿ ರೂಪಾಯಿಗಳ ಸಾರ್ವಜನಿಕ ಹಣ ಒಂದು ಕಡೆ, ಕಡಲಿಗೆ ಇಳಿಯುವವರ ಜೀವ ಇನ್ನೊಂದು ಕಡೆ. ಈ ಎರಡನ್ನೂ ತೂಗುವ ತಕ್ಕಡಿಗೆ ಪ್ರೌಢಶಾಲೆಯ ಗಣಿತ ಮತ್ತು ಭೌತವಿಜ್ಞಾನ ಬಹುಪಾಲು ಸಾಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮಂಜರಾಬಾದಿನಿಂದ ಎಷ್ಟು ದೂರ ಕಾಣುತ್ತದೆ?

ಕಡಲ ಕಾವಲಿಗೆ ವಿಮಾನವೇ ಏಕೆ ಬೇಕು? ಹಡಗು ಸಾಲದೆ? ಇದಕ್ಕೆ ಉತ್ತರ ನಮ್ಮ ಬೆಟ್ಟದ ಮೇಲೆಯೇ ಇದೆ. ಸಕಲೇಶಪುರದ ಪಕ್ಕದ ಮಂಜರಾಬಾದ್ ಕೋಟೆ ಸಮುದ್ರ ಮಟ್ಟದಿಂದ ಸುಮಾರು 988 ಮೀಟರ್ ಎತ್ತರದಲ್ಲಿದೆ. ಆಕಾಶ ಶುಭ್ರವಾಗಿದ್ದರೆ ಅಲ್ಲಿಂದ ಅರಬ್ಬಿ ಸಮುದ್ರ ಕಾಣುತ್ತದೆ ಎಂದು ನಮ್ಮ ಕಡೆ ಹೇಳುವುದುಂಟು. ಇದು ಸಾಧ್ಯವೆ?

ಭೂಮಿ ಗೋಳಾಕಾರವಾದ್ದರಿಂದ ನೋಡುವವನಿಗೂ ದಿಗಂತಕ್ಕೂ ಇರುವ ದೂರವನ್ನು ಪೈಥಾಗೊರಸ್ ಪ್ರಮೇಯದಿಂದ ಪಡೆಯಬಹುದು. ಎತ್ತರವನ್ನು ಮೀಟರ್‌ಗಳಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರ್‌ಗಳಲ್ಲಿ ಸಿಗುತ್ತದೆ. 988ರ ವರ್ಗಮೂಲ ಸುಮಾರು 31.4. ಆದ್ದರಿಂದ ದಿಗಂತ 112 ಕಿ.ಮೀ. ದೂರದಲ್ಲಿದೆ. ಮಂಗಳೂರಿನ ಕಡಲತೀರ ಕೋಟೆಯಿಂದ ನೇರ ರೇಖೆಯಲ್ಲಿ ಸುಮಾರು 100 ಕಿ.ಮೀ. ಅಂದರೆ ನಡುವಿನ ಬೆಟ್ಟಗಳು ಅಡ್ಡ ಬಾರದಿದ್ದರೆ, ಮಂಜು ಮುಸುಕದಿದ್ದರೆ, ಕಡಲಿನ ಹತ್ತು ಹನ್ನೆರಡು ಕಿ.ಮೀ. ಅಗಲದ ಒಂದು ಪಟ್ಟಿ ಕಾಣಲು ಜ್ಯಾಮಿತಿಯ ಅಡ್ಡಿಯೇನೂ ಇಲ್ಲ. ಕಾರವಾರದ ಮರಳಿನ ಮೇಲೆ ನಿಂತ ಮಗುವಿಗಾದರೋ ದಿಗಂತ ಕೇವಲ ನಾಲ್ಕೂವರೆ ಕಿ.ಮೀ. ದೂರದಲ್ಲಿದೆ.

ರಾಡಾರ್ ಅಲೆಗಳು ವಾತಾವರಣದಲ್ಲಿ ಸ್ವಲ್ಪ ಬಾಗುವುದರಿಂದ ಅವು ಇನ್ನೂ ತುಸು ದೂರ ಹೋಗುತ್ತವೆ. ಅವುಗಳಿಗೆ 3.57ರ ಬದಲು 4.12 ಎಂಬ ಗುಣಕವನ್ನು ಬಳಸುತ್ತಾರೆ. 25 ಮೀಟರ್ ಎತ್ತರದ ಸ್ತಂಭದ ಮೇಲೆ ರಾಡಾರ್ ಹೊತ್ತ ಹಡಗಿಗೆ ದಿಗಂತ ಸುಮಾರು 20.6 ಕಿ.ಮೀ. ಅದೇ ರಾಡಾರನ್ನು 3,000 ಮೀಟರ್ ಎತ್ತರದ ವಿಮಾನದಲ್ಲಿ ಇಟ್ಟರೆ 226 ಕಿ.ಮೀ. ದೂರ 11 ಪಟ್ಟು ಹೆಚ್ಚಿತು. ವೃತ್ತದ ಕ್ಷೇತ್ರಫಲ ತ್ರಿಜ್ಯದ ವರ್ಗವನ್ನು ಅನುಸರಿಸುವುದರಿಂದ ದಿಗಂತದೊಳಗಿನ ಕಡಲು 120 ಪಟ್ಟು ಹೆಚ್ಚಿತು!

ಇಲ್ಲಿ ಒಂದು ಎಚ್ಚರಿಕೆ ಬೇಕು. ದಿಗಂತದೊಳಗಿರುವುದೆಲ್ಲ ರಾಡಾರಿಗೆ ಕಾಣುವುದಿಲ್ಲ. ರಾಡಾರಿನ ಅಲೆ ಹೋಗುವಾಗಲೂ ಹರಡಿ ಕ್ಷೀಣಿಸುತ್ತದೆ, ಮರಳಿ ಬರುವಾಗಲೂ ಕ್ಷೀಣಿಸುತ್ತದೆ. ಹೋಗುವಾಗ ದೂರದ ವರ್ಗ, ಬರುವಾಗ ಮತ್ತೊಂದು ವರ್ಗ, ಒಟ್ಟು ದೂರದ ನಾಲ್ಕನೆಯ ಘಾತ. ಆದ್ದರಿಂದ ಸಣ್ಣ ಮರದ ದೋಣಿಯನ್ನು ಎರಡು ಪಟ್ಟು ದೂರದಿಂದ ಗುರುತಿಸಬೇಕಾದರೆ ರಾಡಾರಿನ ಶಕ್ತಿಯನ್ನು 16 ಪಟ್ಟು ಹೆಚ್ಚಿಸಬೇಕು. ಶಕ್ತಿಯನ್ನು ಇಮ್ಮಡಿ ಮಾಡಿದರೆ ಸಿಗುವ ಹೆಚ್ಚುವರಿ ದೂರ ಶೇಕಡಾ 19 ಮಾತ್ರ. ದುಬಾರಿ ಉಪಕರಣ ಕೊಳ್ಳುವವರು ಮೊದಲು ನೆನಪಿಡಬೇಕಾದ ನಿಯಮವಿದು: ಹಣ ಇಮ್ಮಡಿಯಾದರೆ ಫಲ ಇಮ್ಮಡಿಯಾಗುವುದಿಲ್ಲ.

ಹೊತ್ತು ಕಳೆದಂತೆ ಬೆಳೆಯುವ ವೃತ್ತ

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಮೀನುಗಾರಿಕೆಗೆ ಹೊರಟ 'ಸುವರ್ಣ ತ್ರಿಭುಜ' ದೋಣಿ ಏಳು ಮಂದಿ ಮೀನುಗಾರರೊಂದಿಗೆ ಕಣ್ಮರೆಯಾಯಿತು. ಅದರ ಅವಶೇಷಗಳನ್ನು ನೌಕಾಪಡೆಯ 'ನಿರೀಕ್ಷಕ್' ಹಡಗು ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ಪತ್ತೆಹಚ್ಚಿದ್ದು 2019ರ ಮೇ ತಿಂಗಳಲ್ಲಿ. ತಳ ಸೇರಿದ ದೋಣಿ ಆಕಾಶದಿಂದ ಕಾಣುವಂಥದ್ದಲ್ಲ. ಆದರೆ ನೀರಿನ ಮೇಲೆ ತೇಲುತ್ತಿರುವ ಮನುಷ್ಯನನ್ನು ಹುಡುಕುವ ಕೆಲಸದಲ್ಲಿ ವಿಮಾನಕ್ಕೆ ಸಾಟಿಯಿಲ್ಲ. ಅದು ಬೇಗ ಬಂದರೆ ಮಾತ್ರ.

ಏಕೆಂದರೆ ತೇಲುವವನು ಒಂದೇ ಕಡೆ ಇರುವುದಿಲ್ಲ. ಗಾಳಿ ಮತ್ತು ಪ್ರವಾಹ ಅವನನ್ನು ಗಂಟೆಗೆ 2 ಕಿ.ಮೀ.ನಷ್ಟು ಒಯ್ಯುತ್ತವೆ, ಯಾವ ದಿಕ್ಕಿಗೆಂದು ತಿಳಿಯದು ಎಂದಿಟ್ಟುಕೊಳ್ಳಿ. 6 ಗಂಟೆಗಳ ನಂತರ ಅವನು 12 ಕಿ.ಮೀ. ತ್ರಿಜ್ಯದ ವೃತ್ತದೊಳಗೆ ಎಲ್ಲಾದರೂ ಇರಬಹುದು. ಕ್ಷೇತ್ರಫಲ ಸುಮಾರು 450 ಚದರ ಕಿ.ಮೀ. 48 ಗಂಟೆಗಳ ನಂತರ ತ್ರಿಜ್ಯ 96 ಕಿ.ಮೀ., ಕ್ಷೇತ್ರಫಲ ಸುಮಾರು 29,000 ಚದರ ಕಿ.ಮೀ. ಕಾಲ 8 ಪಟ್ಟು, ಕ್ಷೇತ್ರ 64 ಪಟ್ಟು.

ವಿಮಾನದಿಂದ ಒಬ್ಬ ಮನುಷ್ಯನ ತಲೆ ಕಾಣುವುದು ಹೆಚ್ಚೆಂದರೆ ಹಾರುವ ದಾರಿಯ ಎರಡೂ ಪಕ್ಕ ಅರ್ಧ ಅರ್ಧ ಕಿ.ಮೀ. ಅಂದರೆ ಗುಡಿಸುವ ಪೊರಕೆಯ ಅಗಲ 1 ಕಿ.ಮೀ. ವಿಮಾನದ ವೇಗ ಗಂಟೆಗೆ 350 ಕಿ.ಮೀ. ಆಗಿದ್ದರೆ ಅದು ಗಂಟೆಗೆ 350 ಚದರ ಕಿ.ಮೀ. ಗುಡಿಸುತ್ತದೆ. 6 ಗಂಟೆಗಳ ವೃತ್ತವನ್ನು ಒಂದೂಕಾಲು ಗಂಟೆಯಲ್ಲಿ ಮುಗಿಸಬಹುದು. 48 ಗಂಟೆಗಳ ವೃತ್ತಕ್ಕೆ 83 ಗಂಟೆ ಬೇಕು. ಅಷ್ಟರಲ್ಲಿ ವೃತ್ತ ಮತ್ತೂ ದೊಡ್ಡದಾಗಿರುತ್ತದೆ. ದೂರದ ನೆಲೆಯಲ್ಲಿ ನಿಂತ ಅತ್ಯುತ್ತಮ ವಿಮಾನಕ್ಕಿಂತ ಹತ್ತಿರದ ನೆಲೆಯಲ್ಲಿ ಹಾರಲು ಸಿದ್ಧವಾಗಿರುವ ಸಾಧಾರಣ ವಿಮಾನ ಕೆಲವೊಮ್ಮೆ ಮೇಲು ಎಂಬುದು ಇದರಿಂದ ತಿಳಿಯುತ್ತದೆ.

ಅಗ್ಗದ ವಿಮಾನ ಎಲ್ಲಿಯವರೆಗೆ ಅಗ್ಗ?

ಈಗ ಆಯ್ಕೆಯ ತಿರುಳಿಗೆ ಬರೋಣ. ಕಾವಲು ವಿಮಾನದ ಉಪಯೋಗ ಇರುವುದು ಅದು ಹಾರುವ ಒಟ್ಟು ಗಂಟೆಗಳಲ್ಲಿ ಅಲ್ಲ, ಕಾವಲು ಸ್ಥಳದ ಮೇಲೆ ಅದು ಕಳೆಯುವ ಗಂಟೆಗಳಲ್ಲಿ. ಹೋಗಿಬರುವ ಸಮಯ ವ್ಯರ್ಥ.

ಕಾವಲು ಸಮಯ = ಒಟ್ಟು ಹಾರಾಟದ ಸಮಯ − (2 × ದೂರ ÷ ವೇಗ)

ಲೆಕ್ಕಕ್ಕಾಗಿ ಎರಡು ವಿಮಾನಗಳನ್ನು ಕಲ್ಪಿಸಿಕೊಳ್ಳೋಣ. ಸಣ್ಣ ವಿಮಾನ: ವೇಗ ಗಂಟೆಗೆ 350 ಕಿ.ಮೀ., ಒಟ್ಟು 7 ಗಂಟೆ ಹಾರಬಲ್ಲದು, ಒಂದು ಗಂಟೆಯ ಹಾರಾಟದ ಖರ್ಚು 1 ಘಟಕ. ದೊಡ್ಡ ವಿಮಾನ: ವೇಗ ಗಂಟೆಗೆ 800 ಕಿ.ಮೀ., ಒಟ್ಟು 10 ಗಂಟೆ ಹಾರಬಲ್ಲದು, ಒಂದು ಗಂಟೆಯ ಖರ್ಚು 5 ಘಟಕ. ಇವು ಯಾವುದೇ ನಿಜ ವಿಮಾನದ ಅಂಕಿಗಳಲ್ಲ. ಆದರೆ ಎರಡು ಎಂಜಿನ್‌ಗಳ ಸಣ್ಣ ಪ್ರೊಪೆಲರ್ ವಿಮಾನವನ್ನೂ ಜೆಟ್ ವಿಮಾನವನ್ನೂ ಹೋಲಿಸಲು ತಕ್ಕಂಥವು. ಸಣ್ಣ ವಿಮಾನದ ಒಂದು ಸುತ್ತಿಗೆ 7 ಘಟಕ, ದೊಡ್ಡದಕ್ಕೆ 50 ಘಟಕ ಖರ್ಚು.

ದೂರ 370 ಕಿ.ಮೀ.: ಸಣ್ಣ ವಿಮಾನಕ್ಕೆ 4.9 ಗಂಟೆ ಕಾವಲು, ಕಾವಲು ಗಂಟೆಯೊಂದಕ್ಕೆ 1.4 ಘಟಕ. ದೊಡ್ಡದಕ್ಕೆ 9.1 ಗಂಟೆ, 5.5 ಘಟಕ.

ದೂರ 1,000 ಕಿ.ಮೀ.: ಸಣ್ಣದಕ್ಕೆ 1.3 ಗಂಟೆ, 5.4 ಘಟಕ. ದೊಡ್ಡದಕ್ಕೆ 7.5 ಗಂಟೆ, 6.7 ಘಟಕ.

ದೂರ 1,200 ಕಿ.ಮೀ.: ಸಣ್ಣದಕ್ಕೆ ಸುಮಾರು 9 ನಿಮಿಷ, 49 ಘಟಕ. ದೊಡ್ಡದಕ್ಕೆ 7 ಗಂಟೆ, 7.1 ಘಟಕ.

370 ಕಿ.ಮೀ. ಎಂಬ ಅಂಕಿಯನ್ನು ಸುಮ್ಮನೆ ಆರಿಸಿದ್ದಲ್ಲ. ತೀರದಿಂದ 200 ನಾಟಿಕಲ್ ಮೈಲಿ, ಅಂದರೆ 370 ಕಿ.ಮೀ. ವರೆಗಿನ ಕಡಲು ಒಂದು ದೇಶದ ಅನನ್ಯ ಆರ್ಥಿಕ ವಲಯ. ಅಲ್ಲಿಯ ಮೀನು, ತೈಲ, ಖನಿಜಗಳ ಹಕ್ಕು ಆ ದೇಶದ್ದು. ಭಾರತದ ಈ ವಲಯದ ವಿಸ್ತಾರ 20 ಲಕ್ಷ ಚದರ ಕಿ.ಮೀ.ಗೂ ಹೆಚ್ಚು. ಈ ವಲಯದೊಳಗೆ ಸಣ್ಣ ವಿಮಾನದ ಕಾವಲು ನಾಲ್ಕು ಪಟ್ಟು ಅಗ್ಗ. ದೊಡ್ಡದು ಹೆಚ್ಚು ವೇಗವಾಗಿ ಗುಡಿಸುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಸಣ್ಣದೇ ಅಗ್ಗ. ಸುಮಾರು 1,040 ಕಿ.ಮೀ. ದೂರದಲ್ಲಿ ಎರಡೂ ಸಮನಾಗುತ್ತವೆ. ಅದರಾಚೆ ಅಗ್ಗದ ವಿಮಾನವೇ ದುಬಾರಿ. 1,225 ಕಿ.ಮೀ. ತಲುಪಿದರೆ ಅದು ಹೋಗಿ ಹಿಂದಿರುಗುವುದಷ್ಟೇ ಕೆಲಸ; ಕಾವಲು ಸೊನ್ನೆ, ಖರ್ಚು ಅನಂತ.

ಇನ್ನೊಂದು ಲೆಕ್ಕ. 1,000 ಕಿ.ಮೀ. ದೂರದಲ್ಲಿ ಹಗಲಿರುಳೂ ಒಂದು ವಿಮಾನ ಇರಲೇಬೇಕು ಎಂದರೆ ದೊಡ್ಡ ವಿಮಾನದ 3.2 ಸುತ್ತುಗಳು ದಿನಕ್ಕೆ ಬೇಕು, ಸಣ್ಣದಾದರೆ 18.7 ಸುತ್ತುಗಳು. ವಿಮಾನವೊಂದು ದಿನಕ್ಕೆ ಒಂದು ಸುತ್ತು ಹಾರುತ್ತದೆ, ಮೂರರಲ್ಲಿ ಒಂದು ಸದಾ ದುರಸ್ತಿಯಲ್ಲಿರುತ್ತದೆ ಎಂದು ತಿಳಿದರೆ ದೊಡ್ಡವು 5 ಸಾಕು, ಸಣ್ಣವು 28 ಬೇಕು. ಹಾರಾಟದ ಖರ್ಚು ಹೆಚ್ಚುಕಡಿಮೆ ಸಮವಾದರೂ 28 ವಿಮಾನಗಳಿಗೆ ಬೇಕಾದ ತಂಡಗಳು, ಹ್ಯಾಂಗರುಗಳು, ತಂತ್ರಜ್ಞರು ಬೇರೆ.

ಇದು ನಮ್ಮ ಕಾಫಿ ಬೆಳೆಗಾರರಿಗೆ ಹೊಸ ಮಾತಲ್ಲ. ಸಂತೆಯಿಂದ ತರಕಾರಿ ತರಲು ಲಾರಿ ಕಳಿಸುವವರಿಲ್ಲ; ಕಾಫಿ ಮೂಟೆಗಳನ್ನು ಹಾಸನಕ್ಕೆ ಸಾಗಿಸಲು ಬೈಕು ಸಾಲದು. ಯಾವುದು ಒಳ್ಳೆಯ ವಾಹನ ಎಂದು ಕೇಳುವ ಮೊದಲು ಎಷ್ಟು ದೂರಕ್ಕೆ, ಯಾವ ಹೊರೆಗೆ ಎಂದು ಕೇಳಬೇಕು.

ನೀರಿನ ಕೆಳಗಿನ ಬೇಟೆ

ಹಡಗನ್ನು ಕಾಣುವುದು ಸುಲಭ, ಜಲಾಂತರ್ಗಾಮಿಯನ್ನು ಕಾಣುವುದು ಕಷ್ಟ. 1971ರ ಡಿಸೆಂಬರ್ 9ರ ರಾತ್ರಿ ದೀವ್ ತೀರದಾಚೆ ಪಾಕಿಸ್ತಾನದ ಜಲಾಂತರ್ಗಾಮಿ 'ಹಂಗೋರ್' ನಮ್ಮ 'ಖುಕ್ರಿ' ಯುದ್ಧನೌಕೆಯನ್ನು ಮುಳುಗಿಸಿತು. 18 ಅಧಿಕಾರಿಗಳು ಮತ್ತು 176 ನಾವಿಕರು ಜೀವ ಕಳೆದುಕೊಂಡರು. ಕಡಲ ಕಾವಲು ವಿಮಾನಕ್ಕೆ ಅಷ್ಟು ಬೆಲೆ ಏಕೆ ಎಂಬುದಕ್ಕೆ ಈ ಘಟನೆ ಒಂದು ಉತ್ತರ.

ರಾಡಾರಿನ ರೇಡಿಯೊ ಅಲೆಗಳನ್ನು ಉಪ್ಪುನೀರು ಬಹುಬೇಗ ಹೀರಿಬಿಡುತ್ತದೆ. ಆದ್ದರಿಂದ ನೀರೊಳಗೆ ಕಣ್ಣಿಗಿಂತ ಕಿವಿ ಮುಖ್ಯ. ವಿಮಾನದಿಂದ ಸೋನೊಬಾಯ್ ಎಂಬ ಕೊಳವೆಗಳನ್ನು ಕಡಲಿಗೆ ಎಸೆಯುತ್ತಾರೆ. ಒಂದು ಭಾಗ ಮೇಲೆ ತೇಲುತ್ತದೆ, ತಂತಿಗೆ ಕಟ್ಟಿದ ಮೈಕು ಆಳಕ್ಕಿಳಿದು ಸದ್ದು ಕೇಳುತ್ತದೆ, ಕೇಳಿದ್ದನ್ನು ರೇಡಿಯೊ ಮೂಲಕ ವಿಮಾನಕ್ಕೆ ತಿಳಿಸುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಒಂದೇ ಸದ್ದು ಎರಡು ಸೋನೊಬಾಯ್‌ಗಳಿಗೆ ತಲುಪುವ ಸಮಯದ ವ್ಯತ್ಯಾಸ ಗೊತ್ತಾದರೆ ಸದ್ದಿನ ಮೂಲ ಒಂದು ಅತಿಪರವಲಯದ ಮೇಲಿರಬೇಕು. ಮೂರನೆಯ ಸೋನೊಬಾಯ್ ಇನ್ನೊಂದು ಅತಿಪರವಲಯ ಕೊಡುತ್ತದೆ. ಅವು ಛೇದಿಸುವಲ್ಲಿ ಬೇಟೆ.

ನಮ್ಮ ಕಡಲುಗಳಲ್ಲಿ ಇನ್ನೊಂದು ತೊಡಕಿದೆ. ಮೇಲಿನ ನೀರು ಬೆಚ್ಚಗೆ, ಕೆಳಗಿನದು ತಣ್ಣಗೆ. ತಣ್ಣನೆಯ ನೀರಿನಲ್ಲಿ ಶಬ್ದದ ವೇಗ ಕಡಿಮೆಯಾದ್ದರಿಂದ ಶಬ್ದದ ಕಿರಣ ವಕ್ರೀಭವನಗೊಂಡು ಕೆಳಕ್ಕೆ ಬಾಗುತ್ತದೆ. ಬೆಳಕಿಗೆ ನಾವು ಕಲಿಸುವ ಸ್ನೆಲ್ಲನ ನಿಯಮವೇ ಇಲ್ಲಿಯೂ ನಡೆಯುತ್ತದೆ. ಇದರಿಂದ ಶಬ್ದ ತಲುಪದ ನೆರಳಿನ ವಲಯಗಳು ಉಂಟಾಗುತ್ತವೆ. ಜಲಾಂತರ್ಗಾಮಿ ಅಲ್ಲಿ ಅಡಗುತ್ತದೆ. ಬೇರೆ ಕಡಲಿಗಾಗಿ ರೂಪಿಸಿದ ಉಪಕರಣ ನಮ್ಮ ಕಡಲಿನಲ್ಲಿ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಂಬ ಭರವಸೆಯಿಲ್ಲ. ಕೊಳ್ಳುವ ಮುನ್ನ ಇಲ್ಲಿಯೇ ಪರೀಕ್ಷಿಸಬೇಕು.

ಸೋನೊಬಾಯ್ ಒಮ್ಮೆ ಎಸೆದರೆ ಮುಗಿಯಿತು, ಮರಳಿ ಸಿಗದು. ಅಮೆರಿಕದ ಪಿ-8ರಂಥ ದೊಡ್ಡ ವಿಮಾನ ಇವನ್ನು ನೂರಕ್ಕೂ ಹೆಚ್ಚು ಒಯ್ಯುತ್ತದೆ. ಪ್ರಿಂಟರ್ ಕೊಂಡವರಿಗೆ ಶಾಯಿಯ ಖರ್ಚು ಆಮೇಲೆ ತಿಳಿಯುವಂತೆ, ವಿಮಾನ ಕೊಂಡ ನೌಕಾಪಡೆಗೆ ಸೋನೊಬಾಯ್‌ಗಳ ಖರ್ಚು ವರ್ಷವರ್ಷವೂ ಬರುತ್ತದೆ. ಹಣ ಸಾಲದೆ ಅವನ್ನು ಕೊಳ್ಳದಿದ್ದರೆ ವಿಮಾನ ಕಿವುಡಾಗುತ್ತದೆ.

ಮತ್ತೊಂದು ಉಪಾಯ ಕಾಂತತ್ವದ್ದು. ಜಲಾಂತರ್ಗಾಮಿಯ ಉಕ್ಕಿನ ಮೈ ಭೂಕಾಂತಕ್ಷೇತ್ರವನ್ನು ಅತ್ಯಲ್ಪವಾಗಿ ಕದಡುತ್ತದೆ. ಈ ಕದಡಿಕೆ ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ: ದೂರ ಇಮ್ಮಡಿಯಾದರೆ ಸಂಕೇತ ಎಂಟರಲ್ಲೊಂದು. ಹೀಗಾಗಿ ಇದನ್ನು ಬಳಸುವ ವಿಮಾನ ನೀರಿಗೆ ಹತ್ತಿರವಾಗಿ ಹಾರಬೇಕು. ಅಮೆರಿಕದ ನೌಕಾಪಡೆ ತನ್ನ ಪಿ-8ಎ ವಿಮಾನದಲ್ಲಿ ಈ ಉಪಕರಣವನ್ನು ಕೈಬಿಟ್ಟಿತು. ಭಾರತ ತನ್ನ ಪಿ-8ಐ ವಿಮಾನದ ಬಾಲದಲ್ಲಿ ಅದನ್ನು ಕೇಳಿ ಹಾಕಿಸಿಕೊಂಡಿತು. ಒಂದೇ ವಿಮಾನ, ಎರಡು ನೌಕಾಪಡೆ, ಎರಡು ತೀರ್ಮಾನ.

ಪ್ರೊಪೆಲರೋ ಜೆಟ್ಟೋ?

ವಿಮಾನವನ್ನು ಮುಂದೂಡುವ ಬಲ ಹುಟ್ಟುವುದು ಗಾಳಿಯನ್ನು ಹಿಂದಕ್ಕೆ ತಳ್ಳುವುದರಿಂದ. ಬಲವು ಸೆಕೆಂಡಿಗೆ ತಳ್ಳಿದ ಗಾಳಿಯ ರಾಶಿ ಮತ್ತು ಅದಕ್ಕೆ ಕೊಟ್ಟ ವೇಗಗಳ ಗುಣಲಬ್ಧ. ಆದರೆ ಆ ಗಾಳಿ ಒಯ್ಯುವ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ. ಎರಡರಷ್ಟು ಗಾಳಿಯನ್ನು ಅರ್ಧ ವೇಗದಲ್ಲಿ ತಳ್ಳಿದರೆ ಬಲ ಅಷ್ಟೇ, ವ್ಯರ್ಥವಾಗುವ ಶಕ್ತಿ ಅರ್ಧ. ದೊಡ್ಡ ಪ್ರೊಪೆಲರ್ ಮಾಡುವುದು ಇದನ್ನೇ. ಆದ್ದರಿಂದ ಕಡಿಮೆ ಎತ್ತರದಲ್ಲಿ, ಮಂದಗತಿಯಲ್ಲಿ ಗಂಟೆಗಟ್ಟಲೆ ಸುತ್ತಲು ಪ್ರೊಪೆಲರ್ ಮಿತವ್ಯಯಿ. ಎತ್ತರದ ತೆಳು ಗಾಳಿಯಲ್ಲಿ ಬೇಗನೆ ದೂರ ಸಾಗಲು ಜೆಟ್ ಮೇಲು. ಜೆಟ್ ವಿಮಾನ ಕಡಲ ಮಟ್ಟಕ್ಕೆ ಇಳಿದಷ್ಟೂ ಇಂಧನ ಹೆಚ್ಚು ಕುಡಿಯುತ್ತದೆ. ಜೊತೆಗೆ ಉಪ್ಪಿನ ತುಂತುರು ಎಂಜಿನ್ನನ್ನೂ ಲೋಹದ ಮೈಯನ್ನೂ ತಿನ್ನುತ್ತದೆ. ಇಲ್ಲಿ ಎಲ್ಲ ಗುಣಗಳೂ ಇರುವ ವಿಮಾನ ಎಂಬುದಿಲ್ಲ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು.

ನಮ್ಮ ನೌಕಾಪಡೆ ನಡೆದು ಬಂದ ದಾರಿ

ಭಾರತದಲ್ಲಿ ಕಡಲ ಮೇಲಿನ ದೂರಗಾಮಿ ಕಾವಲು ಮೊದಲು ವಾಯುಪಡೆಯ ಹೊಣೆಯಾಗಿತ್ತು. 1976ರಲ್ಲಿ ಅದು ನೌಕಾಪಡೆಗೆ ಬಂದಿತು. ಅದರೊಂದಿಗೆ ಬಂದದ್ದು ಸೂಪರ್ ಕಾನ್‌ಸ್ಟೆಲೇಷನ್ ವಿಮಾನಗಳು. ಅವು ಮೂಲತಃ ಏರ್ ಇಂಡಿಯಾದ ಪ್ರಯಾಣಿಕರ ವಿಮಾನಗಳು, ವಾಯುಪಡೆಯಲ್ಲಿ ದುಡಿದು ಮೂರನೆಯ ಮನೆ ಸೇರಿದವು. 1977ರಲ್ಲಿ ಸೋವಿಯತ್ ಒಕ್ಕೂಟದಿಂದ ಇಲ್ಯೂಷಿನ್ 38 ಗೋವೆಗೆ ಬಂದಿತು. 1988ರಲ್ಲಿ ಎಂಟು ಟುಪೊಲೆವ್ 142 ವಿಮಾನಗಳ ಸೇರ್ಪಡೆ ಆರಂಭವಾಯಿತು. ಇವು 1992ರಿಂದ ತಮಿಳುನಾಡಿನ ಅರಕ್ಕೋಣಂನ ರಾಜಾಳಿ ನೆಲೆಯಿಂದ ಹಾರಿದವು.

ಟುಪೊಲೆವ್ 29 ವರ್ಷಗಳಲ್ಲಿ ಸುಮಾರು 30,000 ಗಂಟೆಗಳನ್ನು ಅಪಘಾತವಿಲ್ಲದೆ ಹಾರಿ 2017ರ ಮಾರ್ಚ್ 29ರಂದು ನಿವೃತ್ತವಾಯಿತು. ಆ ಹುಡುಗಿ ಹೇಳಿದಂತೆ ಅದು ಗಟ್ಟಿಯೇ. ಆದರೆ 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಬಿಡಿಭಾಗಗಳ ಸರಬರಾಜು ಕಷ್ಟವಾಯಿತು. ಜಗತ್ತಿನಲ್ಲಿ ಅಂಥ ವಿಮಾನ ಹಾರಿಸುವವರು ನಾವು ಮತ್ತು ರಷ್ಯಾ ಇಬ್ಬರೇ ಉಳಿದೆವು. ಕೊಳ್ಳುವವರು ಕಡಿಮೆಯಾದಾಗ ಬಿಡಿಭಾಗ ದುಬಾರಿ, ತಡ. ಮೈ ಗಟ್ಟಿಯಿದ್ದರೂ ಒಳಗಿನ ರಾಡಾರ್ ಮತ್ತು ಕಂಪ್ಯೂಟರುಗಳು ಹಿಂದಿನ ಕಾಲದವು.

ಇಲ್ಯೂಷಿನ್ ಇನ್ನೊಂದು ಪಾಠ ಕಲಿಸಿತು. 2002ರ ಅಕ್ಟೋಬರ್ 1ರಂದು ಗೋವೆಯಲ್ಲಿ ಆ ವಿಮಾನದಳದ ಬೆಳ್ಳಿಹಬ್ಬದ ಹಾರಾಟದ ವೇಳೆ ಎರಡು ಇಲ್ಯೂಷಿನ್‌ಗಳು ಆಕಾಶದಲ್ಲಿ ಡಿಕ್ಕಿಯಾಗಿ ಅವುಗಳಲ್ಲಿದ್ದ 12 ಮಂದಿ ನೌಕಾ ಸಿಬ್ಬಂದಿ ಮಡಿದರು. ದಳದಲ್ಲಿದ್ದುದು ಐದೇ ವಿಮಾನ. ಜೀವಹಾನಿಯ ಜೊತೆಗೆ ಒಂದೇ ಕ್ಷಣದಲ್ಲಿ ಶೇಕಡಾ 40ರಷ್ಟು ಬಲ ಹೋಯಿತು. ಹಣ ಉಳಿಸಲು ಸಂಖ್ಯೆಯನ್ನು ತೀರಾ ಇಳಿಸಿದರೆ ಒಂದು ಅವಘಡ ಇಡೀ ಕಾವಲನ್ನೇ ಕುಗ್ಗಿಸುತ್ತದೆ. ಉಳಿದ ಇಲ್ಯೂಷಿನ್‌ಗಳು ನವೀಕರಣಗೊಂಡು ದುಡಿದವು. ಕೊನೆಯದು 2023ರ ಅಕ್ಟೋಬರ್ 31ರಂದು ನಿವೃತ್ತವಾಯಿತು.

ಇವುಗಳ ಜಾಗಕ್ಕೆ ಬಂದದ್ದು ಬೋಯಿಂಗ್ ಪಿ-8ಐ. 2009ರ ಜನವರಿಯಲ್ಲಿ ಎಂಟು ವಿಮಾನಗಳಿಗೆ ಸುಮಾರು 210 ಕೋಟಿ ಡಾಲರ್‌ಗಳ ಒಪ್ಪಂದವಾಯಿತು. ಮೊದಲನೆಯದು 2013ರ ಮೇ ತಿಂಗಳಲ್ಲಿ ಅರಕ್ಕೋಣಂನಲ್ಲಿ ಇಳಿಯಿತು. 2016ರಲ್ಲಿ ಮತ್ತೆ ನಾಲ್ಕಕ್ಕೆ ಸಹಿಯಾಯಿತು. ಅವು ಗೋವೆಗೆ ಬಂದವು. ಮೊದಲ ಒಪ್ಪಂದದಲ್ಲಿ ವಿಮಾನವೊಂದಕ್ಕೆ ಸರಾಸರಿ 26 ಕೋಟಿ ಡಾಲರ್, ಅಂದಿನ ದರದಲ್ಲಿ ಸಾವಿರ ಕೋಟಿ ರೂಪಾಯಿಗೂ ಮಿಗಿಲು. ಹೋಲಿಕೆಗೆ: 2023ರಲ್ಲಿ ವಾಯುಪಡೆಗೆ ಆರು ಡಾರ್ನಿಯರ್ 228 ವಿಮಾನಗಳನ್ನು ಎಚ್‌ಎಎಲ್‌ನಿಂದ ಕೊಳ್ಳಲು ಮಾಡಿದ ಒಪ್ಪಂದ 667 ಕೋಟಿ ರೂಪಾಯಿಗಳದು, ತಲಾ ಸುಮಾರು 111 ಕೋಟಿ. ವರ್ಷ ಬೇರೆ, ಒಳಗಿನ ಉಪಕರಣ ಬೇರೆ, ನೇರ ಹೋಲಿಕೆ ಸಲ್ಲದು, ಅಂತರದ ಅಂದಾಜಿಗಷ್ಟೆ.

ಆ ಹೆಚ್ಚಿನ ಹಣಕ್ಕೆ ಸಿಕ್ಕಿದ್ದೇನು? ಮುಖ್ಯವಾಗಿ ದೂರ. 2,200 ಕಿ.ಮೀ. ದೂರ ಹೋಗಿ ಅಲ್ಲಿ ನಾಲ್ಕು ಗಂಟೆ ಕಾವಲಿದ್ದು ಮರಳುವ ಸಾಮರ್ಥ್ಯ. 2024ರ ಮಾರ್ಚ್‌ನಲ್ಲಿ ಕಡಲ್ಗಳ್ಳರು ಅಪಹರಿಸಿದ್ದ 'ರುಯೆನ್' ಹಡಗನ್ನು ನಮ್ಮ ತೀರದಿಂದ ಸುಮಾರು 2,600 ಕಿ.ಮೀ. ದೂರದಲ್ಲಿ 'ಐಎನ್‌ಎಸ್ ಕೋಲ್ಕತ್ತ' ತಡೆಯಿತು. 17 ಮಂದಿ ಸಿಬ್ಬಂದಿ ಬಿಡುಗಡೆಯಾದರು, 35 ಕಡಲ್ಗಳ್ಳರು ಶರಣಾದರು. ಆ ಕಾರ್ಯಾಚರಣೆಯಲ್ಲಿ ಪಿ-8ಐ ಇತ್ತು. ನಾವು ಕಲ್ಪಿಸಿದ ಸಣ್ಣ ವಿಮಾನ ಮರಳುವ ಆಸೆ ಬಿಟ್ಟು ಹಾರಿದರೂ 2,450 ಕಿ.ಮೀ.ಗೆ ಇಂಧನ ಮುಗಿಯುತ್ತಿತ್ತು.

ಇನ್ನೊಂದು ಲಾಭ ಬಿಡಿಭಾಗಗಳದು. ಪಿ-8 ವಿಮಾನ ಬೋಯಿಂಗ್ 737 ಎಂಬ ಪ್ರಯಾಣಿಕರ ವಿಮಾನದ ಕುಟುಂಬದ್ದು. ಮಂಗಳೂರಿನ ಬಜ್ಪೆಯಲ್ಲಿ ಇಳಿಯುವ 737ಗಳನ್ನು ನಮ್ಮ ಮಕ್ಕಳು ನೋಡಿರುತ್ತಾರೆ. ಸಾವಿರಾರು ಸಂಖ್ಯೆಯಲ್ಲಿ ಹಾರುವ ವಿಮಾನಕ್ಕೆ ಎಂಜಿನ್ ಭಾಗಗಳೂ ಬಲ್ಲ ಮೆಕ್ಯಾನಿಕ್ಕರೂ ಸಿಗುತ್ತಾರೆ. ಟುಪೊಲೆವ್‌ಗೆ ಇಲ್ಲದ ಅನುಕೂಲವಿದು. ಆದರೆ ರಾಡಾರ್, ಆಯುಧ, ತಂತ್ರಾಂಶಗಳಿಗೆ ಮಾರಿದ ದೇಶವನ್ನೇ ನೆಚ್ಚಬೇಕು ಎಂಬ ತೊಂದರೆ ಇಲ್ಲಿಯೂ ಉಳಿದಿದೆ.

ಉಳಿತಾಯವೆಂಬ ನಷ್ಟ

ಹಣವಿಲ್ಲವೆಂದು ಕೊಳ್ಳದೆ ಬಿಟ್ಟರೆ? ಬ್ರಿಟನ್ ಇದನ್ನು ಅನುಭವಿಸಿತು. ಅದು ತನ್ನ ಹಳೆಯ ನಿಮ್ರಾಡ್ ವಿಮಾನಗಳ ಮೈಯನ್ನು ಉಳಿಸಿಕೊಂಡು ಹೊಸ ರೆಕ್ಕೆ, ಹೊಸ ಎಂಜಿನ್, ಹೊಸ ಉಪಕರಣ ಜೋಡಿಸಿ ಹಣ ಉಳಿಸಲು ಹೊರಟಿತು. ಹಳೆಯ ಮೈಗಳು ಒಂದರಂತೆ ಒಂದಿರಲಿಲ್ಲ. ಕೈಯಲ್ಲಿ ಕಟ್ಟಿದ ಕಾಲದವು. ಅಳತೆ ಕೂಡದೆ ಕೆಲಸ ವರ್ಷಗಟ್ಟಲೆ ತಡವಾಯಿತು. 300 ಕೋಟಿ ಪೌಂಡಿಗೂ ಹೆಚ್ಚು ಖರ್ಚಾದ ಮೇಲೆ 2010ರಲ್ಲಿ ಯೋಜನೆಯನ್ನೇ ಕೈಬಿಟ್ಟರು. ದ್ವೀಪರಾಷ್ಟ್ರವೊಂದು ಸುಮಾರು ಹತ್ತು ವರ್ಷ ಇಂಥ ವಿಮಾನವೇ ಇಲ್ಲದೆ ಕಳೆದು, ಕೊನೆಗೆ 2020ರಿಂದ ಪಿ-8 ವಿಮಾನಗಳನ್ನೇ ತರಿಸಿಕೊಂಡಿತು. ಆ ಹತ್ತು ವರ್ಷಗಳಲ್ಲಿ ಅನುಭವಿ ತಂಡಗಳು ಚದುರಿಹೋಗದಂತೆ ತನ್ನವರನ್ನು ಮಿತ್ರದೇಶಗಳ ವಿಮಾನಗಳಲ್ಲಿ ಹಾರಲು ಕಳಿಸಬೇಕಾಯಿತು.

ನ್ಯೂಜಿಲೆಂಡಿನದು ಬೇರೆ ದಾರಿ. ಆರು ಹಳೆಯ ಒರಾಯನ್ ವಿಮಾನಗಳ ಜಾಗಕ್ಕೆ ಅದು 2018ರಲ್ಲಿ ನಾಲ್ಕೇ ಪಿ-8 ವಿಮಾನಗಳನ್ನು ಗೊತ್ತುಮಾಡಿತು. ದೂರ ಮತ್ತು ಗುಣ ಸಿಕ್ಕಿತು, ಸಂಖ್ಯೆ ಇಳಿಯಿತು. ನಾಲ್ಕರಲ್ಲಿ ಒಂದು ದುರಸ್ತಿಗೆ ಹೋದರೆ ಉಳಿಯುವುದು ಮೂರು ಎಂಬುದನ್ನು ತಿಳಿದೇ ಮಾಡಿದ ಆಯ್ಕೆಯಿದು.

ಬೆರಕೆಯೇ ಉತ್ತರ

ಮೇಲಿನ ಲೆಕ್ಕಗಳೆಲ್ಲ ಒಂದೇ ಕಡೆಗೆ ಬೆರಳು ತೋರುತ್ತವೆ. ಮಿತ ಹಣದ ನೌಕಾಪಡೆ "ಯಾವ ವಿಮಾನ?" ಎಂದು ಕೇಳಬಾರದು, "ಯಾವ ದೂರಕ್ಕೆ ಯಾವುದು, ಎಷ್ಟು?" ಎಂದು ಕೇಳಬೇಕು. ಭಾರತ ನಿಧಾನವಾಗಿ ಹಿಡಿದಿರುವ ದಾರಿಯೂ ಇದೇ. ತೀರದ ಹತ್ತಿರ ಕಾನ್ಪುರದಲ್ಲಿ ತಯಾರಾಗುವ ಡಾರ್ನಿಯರ್. ದೂರಕ್ಕೂ ಜಲಾಂತರ್ಗಾಮಿ ಬೇಟೆಗೂ ಪಿ-8ಐ. ನಡುವಿನ ದೂರಕ್ಕೆ ಸಿ-295 ಎಂಬ ಎರಡು ಪ್ರೊಪೆಲರ್‌ಗಳ ವಿಮಾನದ ಕಡಲ ರೂಪ; ನೌಕಾಪಡೆಗೂ ಕೋಸ್ಟ್ ಗಾರ್ಡ್‌ಗೂ ಸೇರಿ ಇಂಥ 15 ವಿಮಾನಗಳ ಪ್ರಸ್ತಾವಕ್ಕೆ ರಕ್ಷಣಾ ಸಚಿವಾಲಯ 2024ರ ಫೆಬ್ರವರಿಯಲ್ಲಿ ಅನುಮೋದನೆ ನೀಡಿತು. ವಾಯುಪಡೆಯೂ ಸಿ-295ರ ಸಾಗಣೆ ರೂಪವನ್ನು ಕೊಳ್ಳುತ್ತಿರುವುದರಿಂದ ಬಿಡಿಭಾಗ, ತರಬೇತಿಗಳನ್ನು ಹಂಚಿಕೊಳ್ಳಬಹುದು. ಬಿಡುವಿಲ್ಲದ ನೋಟಕ್ಕೆ ಚಾಲಕರಹಿತ ಎಂಕ್ಯೂ-9ಬಿ. 2020ರಿಂದ ಎರಡನ್ನು ಬಾಡಿಗೆಗೆ ಪಡೆದು ಪರೀಕ್ಷಿಸಿದ ಮೇಲೆ, 2024ರ ಅಕ್ಟೋಬರ್‌ನಲ್ಲಿ ಮೂರೂ ಪಡೆಗಳಿಗೆ 31ರ ಒಪ್ಪಂದವಾಯಿತು. ಬಾಡಿಗೆಯ ಎರಡರಲ್ಲಿ ಒಂದು ಅದಕ್ಕೆ ಒಂದು ತಿಂಗಳ ಮುಂಚೆ ಬಂಗಾಳ ಕೊಲ್ಲಿಗೆ ಬಿದ್ದಿತ್ತು. ಅದರಲ್ಲಿ ಮನುಷ್ಯರಿರಲಿಲ್ಲ ಎಂಬುದು ಇಂಥ ವಿಮಾನದ ಪರವಾದ ವಾದವೂ ಹೌದು.

ಇದರಲ್ಲಿ ಕರ್ನಾಟಕದ ಪಾಲೂ ಉಂಟು. ಪಿ-8ಐಗೆ ದತ್ತಾಂಶ ವಿನಿಮಯದ ಉಪಕರಣವನ್ನು ಬೆಂಗಳೂರಿನ ಬಿಇಎಲ್ ಒದಗಿಸಿತು. ಆಯುಧ ಕೋಣೆಯ ಬಾಗಿಲುಗಳನ್ನು ಎಚ್‌ಎಎಲ್ ತಯಾರಿಸಿತು. ವಿಮಾನಗಳಿಗೆ ರಾಡಾರ್ ಮೊದಲಾದ ವ್ಯವಸ್ಥೆಗಳನ್ನು ಜೋಡಿಸುವ ಡಿಆರ್‌ಡಿಒದ ಕೇಂದ್ರ ಬೆಂಗಳೂರಿನಲ್ಲಿಯೇ ಇದೆ. ವಿಮಾನದ ಮೈ ಎಲ್ಲಿಂದಲಾದರೂ ಬರಲಿ, ಅದರ ಕಣ್ಣು ಕಿವಿ ನಮ್ಮವಾದರೆ ಮೂವತ್ತು ವರ್ಷಗಳ ಖರ್ಚಿನ ದೊಡ್ಡ ಪಾಲು ನಮ್ಮ ಕೈಯಲ್ಲಿರುತ್ತದೆ. ಟುಪೊಲೆವ್ ಕಲಿಸಿ ಹೋದ ಪಾಠವಿದು.

ಶಿಕ್ಷಕರು ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಬಹುದು. ಸಣ್ಣ ಮತ್ತು ದೊಡ್ಡ ವಿಮಾನಗಳ ಕಾವಲು ಗಂಟೆಯ ಖರ್ಚನ್ನು 100 ಕಿ.ಮೀ.ನಿಂದ 1,200 ಕಿ.ಮೀ. ವರೆಗೆ ನೂರು ನೂರು ಕಿ.ಮೀ. ಹೆಚ್ಚಿಸುತ್ತ ನಕ್ಷೆ ಕಾಗದದ ಮೇಲೆ ಗುರುತಿಸಲಿ. ಒಂದು ರೇಖೆ ಮೆಲ್ಲಗೆ ಏರುತ್ತದೆ, ಇನ್ನೊಂದು ಕೊನೆಯಲ್ಲಿ ಗೋಡೆಯಂತೆ ಎದ್ದು ನಿಲ್ಲುತ್ತದೆ. ದೊಡ್ಡ ವಿಮಾನದ ಖರ್ಚನ್ನು 5ರಿಂದ 8 ಘಟಕಕ್ಕೆ ಏರಿಸಿದರೆ ಎರಡು ರೇಖೆಗಳು ಕೂಡುವ ಬಿಂದು ಎಲ್ಲಿಗೆ ಸರಿಯುತ್ತದೆ ಎಂಬುದನ್ನು ಮಕ್ಕಳೇ ಕಂಡುಹಿಡಿಯಲಿ.

ಬೆಳಗೋಡಿನ ಆ ವಿದ್ಯಾರ್ಥಿನಿಗೆ ಶಿಕ್ಷಕರ ಮೂಲಕ ನಾನು ಕಳಿಸಿದ ಉತ್ತರ ಇಷ್ಟು: ವಿಮಾನ ಗಟ್ಟಿಯಾಗಿತ್ತು, ಅದನ್ನು ಹಾರಿಸುವ ಒಂದೊಂದು ಗಂಟೆ ದುಬಾರಿಯಾಗಿತ್ತು, ಆ ಗಂಟೆಯಲ್ಲಿ ಅದು ನೋಡಬಲ್ಲದ್ದು ಕಡಿಮೆಯಾಗಿತ್ತು. ಹೊಸದಕ್ಕೆ ಕೊಟ್ಟ ದುಡ್ಡು ಸಾರ್ಥಕವೋ ಅಲ್ಲವೋ ಎಂಬುದನ್ನು ಅದರ ಬೆಲೆಯಿಂದ ಅಳೆಯಬೇಡ. ಕಡಲಿನಲ್ಲಿ ಅಗತ್ಯವಿದ್ದ ದಿನ, ಅಗತ್ಯವಿದ್ದ ಜಾಗದ ಮೇಲೆ, ಅದು ಎಷ್ಟು ಹೊತ್ತು ಇತ್ತು ಎಂಬುದರಿಂದ ಅಳೆ.